ಮಾಳಿಗೆಯನ್ನು ಮುಚ್ಚುವವರು ಯಾರು?

(ಶತಮಾನೋತ್ಸವದ ಅಂಗವಾಗಿ ಯಲವಿಗಿ ಸುತ್ತಿನ ಹಳ್ಳಿಗಳಲ್ಲಿ ಮನೆಗಳ ದುರಸ್ತಿಗೆಂದು ಹೊರಟ ನಮ್ಮ ಯುವಜನರನ್ನು ಬೀಳ್ಕೊಡುವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಅನೇಕ ಕಾರ್ಯಕ್ರಮಗಳನ್ನು ಹಮ್ಮಿಕೊಂಡಿದ್ದೇವೆ. ಮಹಾಬಲಿಪೂಜೆ, ಮೆರವಣಿಗೆ, ಹಿರಿಯರ ಸನ್ಮಾನ, ಸ್ಮರಣ ಸಂಚಿಕೆ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಯೋಗ್ಯವಾದವುಗಳೇ. ಆದರೆ ಇವುಗಳ ನಡುವೆ, ಹತ್ತು ದಿನಗಳ ಮಟ್ಟಿಗೆ ಸನಿಕೆ ಗುದ್ದಲಿ ಹಿಡಿದು ಬಡವರ ಮನೆಗಳ ಮಾಳಿಗೆಯನ್ನೂ ಗೋಡೆಯನ್ನೂ ಸರಿಪಡಿಸಲು ಹೊರಟ ನಿಮ್ಮ ಕಾರ್ಯವೇ ಈ ಶತಮಾನೋತ್ಸವದ ಅರ್ಥವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆಂದು ನನಗೆ ತೋರುತ್ತದೆ. ಏಕೆ ಹಾಗೆ ತೋರುತ್ತದೆ ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ನೂರು ವರ್ಷ ಎಂದರೆ ನೂರು ಮಳೆಗಾಲ. ಒಂದು ಕಟ್ಟಡ ನೂರು ಮಳೆಗಾಲವನ್ನು ತಾಳಿಕೊಂಡು ನಿಂತಿದೆ ಎಂದರೆ, ಅದನ್ನು ಕಟ್ಟಿದವರ ಕೌಶಲದ ಜೊತೆಗೆ, ಅದನ್ನು ಕಾಪಾಡಿಕೊಂಡು ಬಂದವರ ಶ್ರಮವೂ ಅದರಲ್ಲಿ ಅಡಗಿದೆ. ಹಂಚು ಒಡೆದಾಗ ಹಂಚು ಬದಲಿಸಿದವರು, ಗೆದ್ದಲು ಹಿಡಿದ ತೊಲೆಯನ್ನು ಕಂಡು ಎಚ್ಚರಿಸಿದವರು, ಸೋರುವ ಮೂಲೆಗೆ ಸುಣ್ಣ ಮೆತ್ತಿದವರು ಇವರೆಲ್ಲ ಯಾರು? ಅಡಿಗಲ್ಲಿನ ಮೇಲೆ ಅವರ ಹೆಸರಿಲ್ಲ. ಅಡಿಗಲ್ಲನ್ನು ಇಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ದುರಸ್ತಿ ಮಾಡಿದವರ ಹೆಸರು ದೇವರ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ಕಟ್ಟುವುದು ಒಂದು ಸಲದ ಕೆಲಸ, ದುರಸ್ತಿ ನೂರು ಸಲದ ಕೆಲಸ. ಆದ್ದರಿಂದ ಶತಮಾನೋತ್ಸವವೆಂದರೆ ಕಟ್ಟಿದ ದಿನದ ನೆನಪು ಮಾತ್ರವಲ್ಲ, ನೂರು ವರ್ಷಗಳ ದುರಸ್ತಿಯ ಸ್ಮರಣೆ.

ಈಗ ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿ. ಯೇಸುಸ್ವಾಮಿ ಕಫೆರ್ನವುಮಿನ ಒಂದು ಮನೆಯಲ್ಲಿ ಬೋಧಿಸುತ್ತಿದ್ದಾರೆ. ಬಾಗಿಲ ಹೊರಗೂ ಜನ ಕಿಕ್ಕಿರಿದಿದ್ದಾರೆ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿ ಇಲ್ಲ. ಅವರು ಮೇಲೆ ಹತ್ತಿ, ಮಾಳಿಗೆಯನ್ನು ಅಗೆದು ತೆರೆದು, ಹಾಸಿಗೆ ಸಹಿತ ಆ ರೋಗಿಯನ್ನು ಸ್ವಾಮಿಯ ಮುಂದೆ ಇಳಿಸುತ್ತಾರೆ. ಮಾರ್ಕನು ಅಗೆದರು ಎಂಬ ಅರ್ಥದ ಮಾತನ್ನೇ ಬಳಸುತ್ತಾನೆ. ಅದೇ ಪ್ರಸಂಗವನ್ನು ಬರೆಯುವಾಗ ಸಂತ ಲೂಕನು ಹಂಚುಗಳ ನಡುವೆ ಇಳಿಸಿದರು ಎನ್ನುತ್ತಾನೆ. ಈ ವ್ಯತ್ಯಾಸದ ಬಗ್ಗೆ ಪಂಡಿತರು ಬಹಳ ಬರೆದಿದ್ದಾರೆ. ಆದರೆ ನಮ್ಮ ಹಾವೇರಿ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸವಣೂರಿನ ಕಡೆಯ ಎರೆನೆಲದ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳನ್ನು ಕಾಣುತ್ತೇವೆ. ಮಲೆನಾಡಿನ ಸೆರಗಾದ ಹಾನಗಲ್ಲಿನ ಕಡೆಗೆ ಹೋದಂತೆ ಇಳಿಜಾರಿನ ಹಂಚಿನ ಮನೆಗಳು ಹೆಚ್ಚುತ್ತವೆ. ಮಾರ್ಕನು ಸವಣೂರಿನ ಮನೆಯನ್ನು ಬಣ್ಣಿಸಿದ, ಲೂಕನು ಹಾನಗಲ್ಲಿನ ಮನೆಯನ್ನು ಬಣ್ಣಿಸಿದ ಎಂದರೆ ನಮ್ಮ ರೈತರು ಒಪ್ಪಿಕೊಂಡಾರು!

ಇಪ್ಪತ್ತನೆಯ ಶತಮಾನದಲ್ಲಿ, 1968ರಿಂದ ಆರಂಭಿಸಿ, ಫ್ರಾನ್ಸಿಸ್ಕನ್ ಸಭೆಯ ಪುರಾತತ್ತ್ವಜ್ಞರು ಕಫೆರ್ನವುಮಿನಲ್ಲಿ ಉತ್ಖನನ ನಡೆಸಿದರು. ಸಂತ ಪೇತ್ರನ ಮನೆಯೆಂದು ಪರಂಪರೆ ಗೌರವಿಸಿಕೊಂಡು ಬಂದ ಸ್ಥಳದಲ್ಲಿ ಕಪ್ಪುಕಲ್ಲಿನ ಒರಟು ಗೋಡೆಗಳ ಬಡ ಮನೆಗಳು ದೊರೆತವು. ಆ ಗೋಡೆಗಳು ಭಾರವಾದ ಮೇಲ್ಛಾವಣಿಯನ್ನು ಹೊರಲಾರವು. ಮರದ ಜಂತಿ, ಅದರ ಮೇಲೆ ಕೊಂಬೆ ರೆಂಬೆ, ಅದರ ಮೇಲೆ ಮಣ್ಣು, ಇಷ್ಟೇ ಅವುಗಳ ಮಾಳಿಗೆಯಾಗಿದ್ದಿರಬೇಕೆಂದು ಅವರು ತಿಳಿಸಿದರು. ಅಂದರೆ ನಾಳೆ ನೀವು ಏಣಿಯಿಟ್ಟು ಹತ್ತುವ ಮಾಳಿಗೆಗೂ, ಆ ನಾಲ್ವರು ಸ್ನೇಹಿತರು ಅಗೆದ ಮಾಳಿಗೆಗೂ ಹೆಚ್ಚಿನ ಅಂತರವಿಲ್ಲ.

ಆ ನಾಲ್ವರ ವಿಶ್ವಾಸವನ್ನು ಕುರಿತು ನಾವು ಅನೇಕ ಪ್ರಬೋಧನೆಗಳನ್ನು ಕೇಳಿದ್ದೇವೆ. ರೋಗಿ ಎದ್ದು ನಡೆದುದನ್ನು ಕಂಡು ಜನರು ದೇವರನ್ನು ಸ್ತುತಿಸಿದರೆಂದೂ ಓದಿದ್ದೇವೆ. ಆದರೆ ಜನರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದೇನು? ಮೇಲೆ ಒಂದು ದೊಡ್ಡ ತೂತು, ಕೆಳಗೆ ನೆಲದ ತುಂಬ ಮಣ್ಣು. ಮನೆಯವರು ಅಂದು ರಾತ್ರಿ ಆಕಾಶವನ್ನು ನೋಡುತ್ತ ಮಲಗಿರಬೇಕು. ಆ ಮಾಳಿಗೆಯನ್ನು ಮುಚ್ಚಿದವರು ಯಾರು? ಶುಭಸಂದೇಶ ಅದನ್ನು ಹೇಳುವುದಿಲ್ಲ. ಆದರೆ ಯಾರೋ ಮುಚ್ಚಿರಲೇಬೇಕು. ಪವಾಡ ನಡೆದ ಮನೆಗೂ ಮಳೆಗಾಲ ಬರುತ್ತದೆ. ನನ್ನ ಪ್ರಿಯ ಯುವಜನರೆ, ಶುಭಸಂದೇಶವು ಬರೆಯದೆ ಬಿಟ್ಟ ಆ ಕೆಲಸಕ್ಕೆ ನೀವು ನಾಳೆ ಹೊರಟಿದ್ದೀರಿ ಎಂದು ತಿಳಿಯಿರಿ.

ಬೆಳಗಿನ ರೈಲಿನಲ್ಲಿ ನೀವು ಕುಂದಗೋಳ, ಗುಡಗೇರಿ ದಾಟಿ ಯಲವಿಗಿ ನಿಲ್ದಾಣದಲ್ಲಿ ಇಳಿಯುವಿರಿ. ನೀವು ಕಾಲಿಡುವುದು ಯಾವ ನೆಲದ ಮೇಲೆ ಎಂಬುದನ್ನು ಅರಿತಿರಬೇಕು. ಅಲ್ಲಿಗೆ ಹತ್ತಿರದ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳ ಸಂತ ಶಿಶುನಾಳ ಶರೀಫರ ಊರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಮುಸಲ್ಮಾನ ಭಕ್ತರು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವಾಗಿ ಸ್ವೀಕರಿಸಿದರು. ಸೋರುವ ಮಾಳಿಗೆಯನ್ನೇ ವಸ್ತುವಾಗಿಟ್ಟುಕೊಂಡು ಅವರು ಕಟ್ಟಿದ ತತ್ತ್ವಪದ ಕರ್ನಾಟಕದ ಮನೆಮನೆಯ ಮಾತಾಗಿದೆ. ಅದೇ ತಾಲೂಕಿನ ಬಾಡ ಗ್ರಾಮ ಕನಕದಾಸರ ಜನ್ಮಸ್ಥಳ. ಇಂಥ ನೆಲದ ಜನರಿಗೆ ದೇವರ ವಿಷಯವನ್ನು ಹೊಸದಾಗಿ ಕಲಿಸಲು ಬಂದವರಂತೆ ನಾವು ನಡೆದುಕೊಳ್ಳಬಾರದು. ಮಾಳಿಗೆ ಸೋರುವುದರ ದುಃಖವನ್ನೂ ಅದರ ಒಳ ಅರ್ಥವನ್ನೂ ಅವರು ನಮಗಿಂತ ಮೊದಲೇ ಬಲ್ಲರು.

ಈ ಪ್ರದೇಶದ ಸಂಕಟವನ್ನೂ ತಿಳಿದಿರಿ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಅಕಾಲ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು. ಹತ್ತು ವರ್ಷಗಳ ನಂತರ, 2019ರ ಆಗಸ್ಟ್ ತಿಂಗಳಲ್ಲಿ, ರಾಜ್ಯದ 22 ಜಿಲ್ಲೆಗಳು ಮತ್ತೊಮ್ಮೆ ನೆರೆಗೆ ಸಿಕ್ಕವು. ಹಾವೇರಿ ಜಿಲ್ಲೆಯಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ನದಿಗಳು ಉಕ್ಕಿ ಹರಿದವು. ನದಿಯ ನೀರು ಮುಟ್ಟದ ಊರುಗಳಲ್ಲಿಯೂ, ಎಡೆಬಿಡದೆ ಸುರಿದ ಮಳೆಗೆ ನೆನೆದ ಮಣ್ಣಿನ ಗೋಡೆಗಳು ಮಲಗಿದವರ ಮೇಲೆ ಕುಸಿಯುವ ಅಪಾಯ ಇದ್ದೇ ಇರುತ್ತದೆ. ನೆರೆ ಬಂದಾಗ ಪತ್ರಿಕೆಗಳು ಬರುತ್ತವೆ. ಒಂದೊಂದೇ ಗೋಡೆ ಬಿದ್ದಾಗ ಯಾರೂ ಬರುವುದಿಲ್ಲ.

2009ರ ನೆರೆಯ ನಂತರ ಸರ್ಕಾರ ‘ಆಸರೆ’ ಎಂಬ ಯೋಜನೆಯಡಿ ಹೊಸ ಊರುಗಳನ್ನು ಕಟ್ಟಿಸಿತು. ಮಠಗಳು, ಸಂಘ ಸಂಸ್ಥೆಗಳು, ಉದ್ಯಮಗಳು ಉದಾರವಾಗಿ ಕೈಜೋಡಿಸಿದವು. ಅದರಿಂದ ಅನೇಕರಿಗೆ ನೆಲೆ ದೊರಕಿತೆಂಬುದು ಸತ್ಯ. ಆದರೆ ಹಲವು ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲವೆಂಬುದೂ ಸತ್ಯ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕಾಳು ಕಡಿ ಇಡಲು ಎಡೆಯಿಲ್ಲ ಎಂದು ಅವರು ಹಳೆಯ ಮನೆಯ ಬಿರುಕು ಗೋಡೆಗಳ ನಡುವೆಯೇ ಉಳಿದರು. ಇದನ್ನು ನಾನು ಟೀಕೆಗಾಗಿ ಹೇಳುತ್ತಿಲ್ಲ. ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ, ಒಂದು ಬಾಳುವೆಯ ಕ್ರಮ ಎಂಬುದನ್ನು ನೆನಪಿಸುತ್ತಿದ್ದೇನೆ. ಹೊಸದನ್ನು ಕೊಡುವವನು ತನ್ನ ಮನಸ್ಸಿನಲ್ಲಿರುವುದನ್ನು ಕೊಡುತ್ತಾನೆ. ಹಳೆಯದನ್ನು ದುರಸ್ತಿ ಮಾಡುವವನು ಮನೆಯವರ ಮನಸ್ಸಿನಲ್ಲಿರುವುದನ್ನು ಮೊದಲು ಕೇಳಬೇಕಾಗುತ್ತದೆ. ಆದ್ದರಿಂದ ನಿಮ್ಮ ಮೊದಲನೆಯ ದಿನದ ಕೆಲಸ ಕೇಳುವುದೇ ಆಗಿರಲಿ. ಯಾವ ಮೂಲೆ ಮೊದಲು ಸೋರುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ, ಯಾವ ಗೋಡೆ ಯಾವ ವರ್ಷ ಬಿರಿಯಿತು ಎಂಬುದನ್ನೆಲ್ಲ ಮನೆಯ ಅಜ್ಜಿಗಿಂತ ಚೆನ್ನಾಗಿ ಬಲ್ಲ ಎಂಜಿನಿಯರರಿಲ್ಲ.

ಕೆಲಸದ ವಿಷಯವಾಗಿ ಕೆಲವು ಮಾತು ಹೇಳಲೇಬೇಕು, ಏಕೆಂದರೆ ತಿಳಿವಳಿಕೆಯಿಲ್ಲದ ಸೇವೆ ಅಪಾಯಕರ. ಮಣ್ಣಿನ ಮಾಳಿಗೆಯಲ್ಲಿ ತೊಲೆ, ಜಂತಿ, ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು ಇರುತ್ತದೆ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ನಮ್ಮ ಹಿರಿಯರು ಕರಲು ಮಣ್ಣನ್ನು ಆರಿಸಿಕೊಳ್ಳುತ್ತಿದ್ದರು. ಬೆಳೆಗೆ ಬಾರದ ಆ ಸವಳು ಮಣ್ಣು ನೆನೆದಾಗ ತನ್ನ ಸೂಕ್ಷ್ಮ ರಂಧ್ರಗಳನ್ನು ತಾನೇ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಹೊಲದಲ್ಲಿ ಶಾಪವಾದ ಮಣ್ಣು ಮಾಳಿಗೆಯ ಮೇಲೆ ವರವಾಗುತ್ತದೆ. ಮನುಷ್ಯರ ವಿಷಯದಲ್ಲಿಯೂ ಇದು ನಿಜವಲ್ಲವೆ? ತಕ್ಕ ಸ್ಥಾನ ದೊರೆತರೆ ಯಾರೂ ನಿಷ್ಪ್ರಯೋಜಕರಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆಯುಂಟು. ಪ್ರತಿವರ್ಷ ಮಳೆಗೆ ಮುಂಚೆ ಹೊಸ ಮಣ್ಣನ್ನು ಹಳೆಯದರ ಮೇಲೆ ಹೇರುತ್ತ ಹೋದರೆ ಮಾಳಿಗೆಯ ಭಾರ ಬೆಳೆಯುತ್ತಲೇ ಇರುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಸಣ್ಣ ಕೋಣೆಯ ಮೇಲೆ ಆರು ಅಂಗುಲ ಮಣ್ಣಿದ್ದರೆ ಅದು 50 ಘನ ಅಡಿ. ನೆನೆದಾಗ ಎರಡು ಟನ್ನಿಗೂ ಹೆಚ್ಚು ತೂಕ. ಅದು ಒಂದು ಅಡಿಯಾದರೆ ನಾಲ್ಕು ಟನ್ನು ದಾಟುತ್ತದೆ. ಅಜ್ಜನ ಕಾಲದ ಜಂತಿ ಅದನ್ನು ಎಷ್ಟು ವರ್ಷ ಹೊತ್ತೀತು? ಉತ್ಸಾಹದಿಂದ ಬುಟ್ಟಿ ಬುಟ್ಟಿ ಮಣ್ಣು ಸುರಿದು, ಮಾಳಿಗೆಯನ್ನು ಭದ್ರಪಡಿಸಿದೆವೆಂದು ಹಾಡುತ್ತ ಮರಳಿ ಬಂದು, ಆಮೇಲೆ ಆಷಾಢದ ಒಂದು ರಾತ್ರಿ ಆ ಮಾಳಿಗೆ ಕುಸಿದರೆ ನಿಮ್ಮ ಸದುದ್ದೇಶ ಯಾರನ್ನು ಉಳಿಸೀತು? ಆದ್ದರಿಂದ ಮೊದಲು ಹಳೆಯ ಮಣ್ಣನ್ನು ಕೆರೆದು ಇಳಿಸಿರಿ, ಜಂತಿಗಳನ್ನು ಒಂದೊಂದಾಗಿ ಬಡಿದು ನೋಡಿರಿ, ಗೆದ್ದಲು ತಿಂದುದನ್ನು ಬದಲಿಸಿರಿ, ನೀರು ಹೋಗುವ ದೋಣಿಯನ್ನು ಸ್ವಚ್ಛಗೊಳಿಸಿರಿ. ಹೊಸ ಮಣ್ಣು ಎಲ್ಲಕ್ಕೂ ಕೊನೆಗೆ. ಪಾಪನಿವೇದನೆಯಲ್ಲಿಯೂ ಕ್ರಮ ಇದೇ ತಾನೆ? ಹಳೆಯ ಭಾರವನ್ನು ಇಳಿಸದೆ ಹೊಸ ಸಂಕಲ್ಪವನ್ನು ಮೇಲೆ ಹೇರಿದರೆ ಆತ್ಮವೂ ಕುಸಿಯುತ್ತದೆ.

ಗೋಡೆಯ ವಿಷಯ ಇನ್ನೊಂದು. ಸಿಮೆಂಟು ಎಂದರೆ ಭದ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಅಂಟಿಕೊಳ್ಳುವುದಿಲ್ಲ. ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಸೆಟೆದು ನಿಲ್ಲುತ್ತದೆ. ನಡುವೆ ಹೊಕ್ಕ ತೇವ ಹೊರಗೆ ಬಾರದೆ ಒಳಗೇ ಗೋಡೆಯನ್ನು ಕೊಳೆಯಿಸುತ್ತದೆ. ಹೊರಗಿನಿಂದ ಗೋಡೆ ಅಂದವಾಗಿ ಕಾಣುತ್ತಿರುತ್ತದೆ. ಒಂದು ದಿನ ಹಪ್ಪಳದಂತೆ ಕಳಚಿ ಬೀಳುತ್ತದೆ. ಮಣ್ಣಿಗೆ ಮಣ್ಣೇ ಮದ್ದು. ಹುಲ್ಲು ಬೆರೆಸಿ ಕೊಳೆಯಿಸಿದ ಕೆಸರು, ಸೆಗಣಿ, ಸುಣ್ಣ ಇವುಗಳಿಂದಲೇ ಮೆತ್ತಿರಿ. ಎರೆಮಣ್ಣು ಮಾತ್ರ ಬೇಡ; ಅದು ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವ ಸ್ವಭಾವದ್ದು. ಎರೆನೆಲದ ಮನೆಗಳ ತಳಪಾಯವೇ ಬಿರಿಯುವುದು ಇದೇ ಕಾರಣಕ್ಕೆ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಒಂದು ಗಟಾರ ತೋಡಿಕೊಟ್ಟರೆ, ಅದು ಬಣ್ಣ ಬಳಿಯುವುದಕ್ಕಿಂತ ಹತ್ತು ಪಾಲು ಹೆಚ್ಚಿನ ಉಪಕಾರ.

ಪ್ರತಿಯೊಂದು ಮನೆಗೂ ಆ ಊರಿನ ಒಬ್ಬ ಗೌಂಡಿಯನ್ನು ಕೂಲಿ ಕೊಟ್ಟು ಗೊತ್ತುಪಡಿಸಿದ್ದೇವೆ. ನಮ್ಮ ಹುಡುಗರೇ ಪುಕ್ಕಟೆ ಮಾಡಬಹುದಲ್ಲ, ಹಣ ಏಕೆ ವ್ಯಯ ಎಂದು ಕೆಲವರು ಕೇಳಿದರು. ಅಲ್ಲಿಯ ಗೌಂಡಿಗೆ ಬೇಸಗೆಯ ಈ ತಿಂಗಳೇ ದುಡಿಮೆಯ ಕಾಲ. ನಾವು ಪುಕ್ಕಟೆ ಕೆಲಸ ಮಾಡಿ ಒಬ್ಬ ಬಡವನ ಮಾಳಿಗೆ ಮುಚ್ಚಿ, ಇನ್ನೊಬ್ಬ ಬಡವನ ಒಲೆ ಆರಿಸಬಾರದು. ಆತ ಗುರು, ನೀವು ಶಿಷ್ಯರು. ಪದವಿ ಪಡೆದವರೂ ಕಂಪ್ಯೂಟರ್ ಬಲ್ಲವರೂ ನಿಮ್ಮಲ್ಲಿದ್ದೀರಿ. ಹತ್ತು ದಿನ ಆತ ‘ಕೆಸರು ತಾ’ ಎಂದಾಗ ಕೆಸರು ತಂದುಕೊಡಿ. ಮೂವತ್ತು ವರ್ಷದವರೆಗೆ ನಜರೇತಿನ ಬಡಗಿಯ ಮನೆಯಲ್ಲಿ ನಮ್ಮ ಪ್ರಭು ಮಾಡಿದ್ದೂ ಇಂಥ ಕೆಲಸವೇ.

ಧರ್ಮಸಭೆಯ ಇತಿಹಾಸದಲ್ಲಿ ದುರಸ್ತಿಯ ಕೆಲಸಕ್ಕೆ ಒಬ್ಬ ಮಹಾಸಂತರೇ ಆದರ್ಶರಾಗಿದ್ದಾರೆ. ಅಸಿಸಿಯ ಸಂತ ಫ್ರಾನ್ಸಿಸರು 1226ರಲ್ಲಿ ದೈವಾಧೀನರಾದರು. 2026 ಅವರ ಮರಣದ ಎಂಟುನೂರನೆಯ ವರ್ಷ. ತಾರುಣ್ಯದಲ್ಲಿ ಅವರು ಪಾಳುಬಿದ್ದ ಸಂತ ದಾಮಿಯಾನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗ, ಕುಸಿಯುತ್ತಿರುವ ತನ್ನ ಮನೆಯನ್ನು ದುರಸ್ತಿ ಮಾಡುವಂತೆ ಶಿಲುಬೆಯ ಮೇಲಿನ ಪ್ರಭು ಆಜ್ಞಾಪಿಸಿದುದನ್ನು ಕೇಳಿದರೆಂದು ಅವರ ಚರಿತ್ರೆ ಹೇಳುತ್ತದೆ. ಫ್ರಾನ್ಸಿಸರು ಮೊದಲು ಮಾಡಿದ್ದೇನು? ತಂದೆಯ ಅಂಗಡಿಯ ಬಟ್ಟೆಯನ್ನೂ ಕುದುರೆಯನ್ನೂ ಮಾರಿ, ಹಣ ತಂದು ಅಲ್ಲಿಯ ಗುರುವಿನ ಮುಂದೆ ಇಟ್ಟರು. ಆ ಬಡ ಗುರು ಹಣವನ್ನು ಸ್ವೀಕರಿಸಲಿಲ್ಲ. ಆಮೇಲೆ ಫ್ರಾನ್ಸಿಸರು ಬೀದಿಯಲ್ಲಿ ಕಲ್ಲುಗಳನ್ನು ಬೇಡಿ, ಹೆಗಲ ಮೇಲೆ ಹೊತ್ತು ತಂದು, ತಮ್ಮ ಕೈಯಿಂದಲೇ ಗೋಡೆ ಎತ್ತಿದರು. ಆ ಕೆಲಸವನ್ನು ಆ ಗುರು ತಿರಸ್ಕರಿಸಲಿಲ್ಲ. ದೇವರು ಕೇಳಿದ್ದು ಕಲ್ಲುಗೋಡೆಯ ದುರಸ್ತಿಯನ್ನಷ್ಟೇ ಅಲ್ಲ, ಇಡೀ ಧರ್ಮಸಭೆಯ ದುರಸ್ತಿಯನ್ನು ಎಂದು ಅವರಿಗೆ ಕ್ರಮೇಣ ತಿಳಿಯಿತು. ಆದರೆ ಕಲ್ಲು ಹೊತ್ತ ಹೆಗಲಿಗೇ ಆ ತಿಳಿವಳಿಕೆ ಬಂದದ್ದು ಎಂಬುದನ್ನು ಮರೆಯಬೇಡಿ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನಗಳೂ ಇವೆ. ಎರಡನೆಯ ಮಹಾಯುದ್ಧದ ನಂತರ ಒಂದು ಕೋಟಿಗೂ ಮಿಕ್ಕಿ ಜರ್ಮನ್ ಜನ ಪೂರ್ವದ ತಮ್ಮ ಊರುಗಳಿಂದ ಹೊರದೂಡಲ್ಪಟ್ಟು ನಿರಾಶ್ರಿತರಾದರು. ಬೆಲ್ಜಿಯಮ್ಮಿನ ತೊಂಗೆರ್ಲೊ ಆಶ್ರಮದ ವೆರೆನ್‌ಫ್ರೀಡ್ ವಾನ್ ಸ್ಟ್ರಾಟೆನ್ ಎಂಬ ಗುರುಗಳು 1947ರಿಂದ ಅವರಿಗಾಗಿ ಆಹಾರ ಬೇಡಿ ಕಳುಹಿಸತೊಡಗಿದರು. 1953ರಲ್ಲಿ ಅವರು ಯುವಜನರ ಒಂದು ನಿರ್ಮಾಣ ಬಳಗವನ್ನೇ ಸ್ಥಾಪಿಸಿದರು. ಜರ್ಮನ್ ಸೈನ್ಯದ ಆಕ್ರಮಣದಲ್ಲಿ ನೊಂದ ದೇಶದ ತರುಣರು ತಮ್ಮ ರಜೆಯ ದಿನಗಳಲ್ಲಿ ಹೋಗಿ ಜರ್ಮನ್ ನಿರಾಶ್ರಿತರಿಗೆ ಮನೆ ಕಟ್ಟಿದರು! ಅದಕ್ಕೂ ಮುಂಚೆ, 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ, ಸ್ವಿಟ್ಜರ್‌ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಶಾಂತಿವಾದಿ ಕೆಲವೇ ಸಂಗಡಿಗರೊಡನೆ ಬಂದು ಹಳ್ಳಿಗರ ಜೊತೆಗೂಡಿ ಮನೆಗಳ ಪುನರ್ನಿರ್ಮಾಣಕ್ಕೆ ದುಡಿದರು. ಇವರು ನಮ್ಮ ಸಭೆಯವರಲ್ಲ. ಒಳ್ಳೆಯ ಕೆಲಸಕ್ಕೆ ಸಭೆಯ ಗಡಿ ಇರುವುದಿಲ್ಲ ಎಂಬುದಕ್ಕೇ ಅವರನ್ನು ಹೆಸರಿಸಿದೆ.

ಹೆಣ್ಣುಮಕ್ಕಳನ್ನು ಇಂಥ ಕೆಲಸಕ್ಕೆ ಕಳುಹಿಸಬೇಕೆ ಎಂದು ಕೆಲವು ತಾಯಂದಿರು ಸಂಕೋಚಪಟ್ಟರು. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಜೆರುಸಲೇಮಿನ ಪಾಳುಗೋಡೆಯನ್ನು ಯಾರು ಯಾರು ಎಲ್ಲೆಲ್ಲಿ ದುರಸ್ತಿ ಮಾಡಿದರೆಂಬ ಪಟ್ಟಿ ಅಲ್ಲಿದೆ. ಓದುವವರಿಗೆ ಬೇಸರ ಬರಿಸುವ ಪಟ್ಟಿ. ಆದರೆ ದುರಸ್ತಿಗಾರರ ಹೆಸರು ಉಳಿದಿರುವ ಅಪರೂಪದ ಪಟ್ಟಿ. ಕೆಲಸವನ್ನು ಮೊದಲು ಆರಂಭಿಸಿದವರು ಮಹಾಯಾಜಕ ಮತ್ತು ಆತನ ಸೋದರ ಯಾಜಕರು. ಗುರುಗಳಾದ ನಮಗೆ ಅದು ಪಾಠ. ಅಕ್ಕಸಾಲಿಗರೂ ಸುಗಂಧದ್ರವ್ಯ ಮಾಡುವವರೂ ಅಲ್ಲಿದ್ದಾರೆ. ಶಲ್ಲೂಮನೆಂಬ ಅಧಿಕಾರಿ ತನ್ನ ಹೆಣ್ಣುಮಕ್ಕಳೊಡನೆ ದುರಸ್ತಿ ಮಾಡಿದನೆಂದೂ ಬರೆದಿದೆ. ತೆಕೋವದ ಸಾಮಾನ್ಯ ಜನ ದುಡಿದರು, ಅವರ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲವೆಂದು ಕೂಡ ಪವಿತ್ರ ಗ್ರಂಥ ಮುಚ್ಚಿಡದೆ ದಾಖಲಿಸಿದೆ! ಹೀಗೆ ಎಲ್ಲರೂ ಕೈಹಚ್ಚಿದ್ದರಿಂದ 52 ದಿನಗಳಲ್ಲಿ ಗೋಡೆ ಮುಗಿಯಿತು. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಸರಿಪಡಿಸಿದರು ಎಂಬುದೂ ಗಮನಾರ್ಹ. ನಮ್ಮ ಧರ್ಮಕೇಂದ್ರದಲ್ಲಿಯೇ ಸೋರುವ ಮನೆಗಳಿರುವಾಗ ಯಲವಿಗಿಗೆ ಏಕೆ ಎಂದು ಕೇಳಿದವರಿಗೆ ನನ್ನ ಉತ್ತರ ಇದೇ: ಮರಳಿ ಬಂದ ಮೇಲೆ ಇಲ್ಲಿಯ ಕೆಲಸವೂ ಇದೆ. ಅಲ್ಲಿ ಕಲಿತ ಕೈ ಇಲ್ಲಿ ಸುಮ್ಮನಿರಲಾರದು.

ಇನ್ನು ಸೂಕ್ಷ್ಮವಾದ ಒಂದು ಮಾತು. ನೀವು ಯಾರು, ಯಾವ ಉದ್ದೇಶದಿಂದ ಬಂದಿರಿ ಎಂದು ಊರವರು ಕೇಳಬಹುದು. ಕೇಳುವ ಹಕ್ಕು ಅವರಿಗಿದೆ, ಕೋಪಿಸಿಕೊಳ್ಳಬೇಡಿ. ನಾವು ಕ್ರೈಸ್ತರು, ಮಳೆಗೆ ಮುಂಚೆ ಮಾಳಿಗೆ ಮುಚ್ಚಲು ಬಂದೆವು ಎಂದು ನೇರವಾಗಿ ಹೇಳಿರಿ. ಯಾರ ಗೋಡೆಯ ಮೇಲೂ ಶಿಲುಬೆ ಬರೆಯಬೇಡಿ, ಫಲಕ ಹಾಕಬೇಡಿ. ಮನೆಯವರನ್ನು ನಿಲ್ಲಿಸಿ ಛಾಯಾಚಿತ್ರ ತೆಗೆದು ಮೊಬೈಲಿನಲ್ಲಿ ಹಂಚಬೇಡಿ. ಧರ್ಮಸೇವೆಯನ್ನು ಮತಾಂತರದ ಸಾಧನವಾಗಿ ಬಳಸಕೂಡದೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ಮೊದಲನೆಯ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ. ಪ್ರೀತಿ ಪುಕ್ಕಟೆಯಾದದ್ದು, ಅದರ ಹಿಂದೆ ಇನ್ನೊಂದು ಲೆಕ್ಕವಿದ್ದರೆ ಅದು ಪ್ರೀತಿಯಲ್ಲ. ಕಫೆರ್ನವುಮಿನ ಆ ರೋಗಿಗೆ ಸ್ವಾಮಿ ಕೊನೆಗೆ ಏನೆಂದರು? ತಮ್ಮನ್ನು ಹಿಂಬಾಲಿಸಲು ಹೇಳಲಿಲ್ಲ. ಹಾಸಿಗೆ ಎತ್ತಿಕೊಂಡು ಅವನ ಮನೆಗೇ ಹೋಗಲು ಹೇಳಿದರು. ಗುಣಪಡಿಸಿದ ಪ್ರಭು ಅವನನ್ನು ತನ್ನ ಮನೆಗೆ ಮರಳಿಸಿದರು. ನಮ್ಮ ಸೇವೆಯೂ ಅಷ್ಟೇ: ಜನರು ತಮ್ಮ ಮನೆಯಲ್ಲಿ ನೆಮ್ಮದಿಯಿಂದ ಇರುವಂತೆ ಮಾಡುವುದು.

ನ್ಯಾಯದ ಮಾತನ್ನೂ ಮರೆಯದಿರಿ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ತನ್ನ ಆದೇಶದಲ್ಲಿ, ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂಬಂತೆ ಕೊಡಬಾರದೆಂದು ಎಚ್ಚರಿಸಿದೆ. 2019ರ ನೆರೆಯ ನಂತರ ಸರ್ಕಾರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಪೂರ್ಣ ಹಾಳಾದ ಮನೆಗೆ 5 ಲಕ್ಷ ರೂಪಾಯಿಯನ್ನೂ, ಅಲ್ಪ ಹಾನಿಗೆ 50,000 ರೂಪಾಯಿಯನ್ನೂ ಘೋಷಿಸಿತು. ಹಣ ಕಂತು ಕಂತಾಗಿ ಬರುತ್ತಿತ್ತು. ಕೆಲಸದ ಹಂತ ತೋರಿಸದಿದ್ದರೆ ಮುಂದಿನ ಕಂತು ಇಲ್ಲ. ಮನೆಯ ಉತಾರ ಸತ್ತ ಮಾವನ ಹೆಸರಿನಲ್ಲಿದ್ದರೆ, ಆಧಾರ್ ಚೀಟಿಯ ಹೆಸರಿನಲ್ಲಿ ಒಂದು ಅಕ್ಷರ ಬೇರೆಯಾಗಿದ್ದರೆ, ಓದಲು ಬಾರದ ವಿಧವೆ ಏನು ಮಾಡಬೇಕು? ಆದ್ದರಿಂದ ನಿಮ್ಮಲ್ಲಿ ಇಬ್ಬರು ಕೆಸರು ಮುಟ್ಟದೆ ಕಾಗದ ಮುಟ್ಟಿರಿ. ಯಾರಿಗೆ ಯಾವ ಯೋಜನೆಯಲ್ಲಿ ಸಲ್ಲಬೇಕಾದುದು ಸಂದಿಲ್ಲವೆಂದು ವಿಚಾರಿಸಿ, ಅರ್ಜಿ ಬರೆದುಕೊಟ್ಟು, ಜೊತೆಯಲ್ಲಿ ಸವಣೂರಿನ ತಾಲೂಕು ಕಚೇರಿಯವರೆಗೆ ಹೋಗಿ ಬನ್ನಿ. ಒಂದು ಅರ್ಜಿಯೂ ಒಂದು ಜಂತಿಯಷ್ಟೇ ಭಾರ ಹೊರಬಲ್ಲದು.

ಹತ್ತು ದಿನಗಳಲ್ಲಿ ನೀವು ಎಲ್ಲ ಮನೆಗಳನ್ನು ಸರಿಪಡಿಸಲಾರಿರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕೈಗೆ ಎಷ್ಟು ಮನೆ ಬಂತೋ ಅಷ್ಟನ್ನು ಪೂರ್ಣವಾಗಿ ಮಾಡಿರಿ. ಹತ್ತು ಮನೆಗಳನ್ನು ಅರ್ಧಕ್ಕೆ ತೆರೆದಿಟ್ಟು ಬರುವುದಕ್ಕಿಂತ ನಾಲ್ಕು ಮನೆಗಳನ್ನು ಮುಚ್ಚಿ ಬರುವುದು ಲೇಸು. ರೋಹಿಣಿ ಮಳೆ ಯಾರ ಶಿಬಿರದ ಸಮಾರೋಪಕ್ಕೂ ಕಾಯುವುದಿಲ್ಲ. ಮನೆಯವರು ಕೊಟ್ಟ ರೊಟ್ಟಿಯನ್ನು, ಅವರು ಯಾರೇ ಆಗಿರಲಿ, ಕೃತಜ್ಞತೆಯಿಂದ ಉಣ್ಣಿರಿ. ಕೊಡುವುದನ್ನು ಮಾತ್ರ ಬಲ್ಲವನು ಇನ್ನೂ ದೀನನಾಗಿಲ್ಲ. ಮುಂದಿನ ಮಳೆಗಾಲದ ಕೊನೆಗೆ ಮತ್ತೆ ಹೋಗಿ, ನೀವು ಮುಚ್ಚಿದ ಮಾಳಿಗೆ ಸೋರಿತೇ ಇಲ್ಲವೇ ಎಂದು ಕೇಳಿ ಬನ್ನಿ. ಹಾಗೆ ಕೇಳುವ ಧೈರ್ಯವಿದ್ದರೆ ಮಾತ್ರ ಇದು ಸೇವೆ, ಇಲ್ಲವಾದರೆ ಪ್ರವಾಸ.

ನಮ್ಮ ದೇವಾಲಯಕ್ಕೆ ಇನ್ನೂ ನೂರು ಮಳೆಗಾಲ ಬರಲಿವೆ. ಅಂದು ನಾವು ಯಾರೂ ಇರುವುದಿಲ್ಲ. ಒಡೆದ ಹಂಚನ್ನು ಕಂಡು ಏಣಿ ತರುವ ಮನಸ್ಸಿನ ಜನ ಈ ಧರ್ಮಕೇಂದ್ರದಲ್ಲಿ ಅಂದೂ ಇದ್ದರೆ, ಈ ಶತಮಾನೋತ್ಸವವನ್ನು ನಾವು ಸಾರ್ಥಕವಾಗಿ ಆಚರಿಸಿದಂತಾಯಿತು.

ಬೆಳಿಗ್ಗೆ ಐದು ಗಂಟೆಗೆ ಬಲಿಪೂಜೆ. ಸಲಕರಣೆಗಳನ್ನು ಈ ರಾತ್ರಿಯೇ ಎಣಿಸಿ ಕಟ್ಟಿಡಿರಿ. ಬಡಗಿಯಾದ ಸಂತ ಜೋಸೆಫರು ನಿಮ್ಮ ಕೈಗಳನ್ನು ಕಾಯಲಿ, ಮಾತೆ ಮರಿಯಮ್ಮನವರು ನಿಮ್ಮ ದಾರಿಯನ್ನು ಕಾಯಲಿ, ಸರ್ವಶಕ್ತ ದೇವರು ನಿಮ್ಮೆಲ್ಲರನ್ನೂ, ನೀವು ಹೋಗುವ ಮನೆಗಳವರೆಲ್ಲರನ್ನೂ ಆಶೀರ್ವದಿಸಲಿ.